ನನ್ನ ಮೇಲೆ ಗೂಬೆ ಕೂರಿಸಬೇಡಿ, ಪ್ರೂಟ್ ಮೇಡಂ

…ಹಾಗಲ್ಲ ಮೇಡಂ, ಮೊದಲು ಆ ರಟ್ಟಿನ ಡಬ್ಬ ಕೆಳಗಿಡಿ. ಈ ಕಡೆ ಕೂತ್ಕೊಳ್ಳಿ, ಬೆಂಚಿನ ಆ ತುದಿ ಮುರಿದಿದೆ. ನಿಧಾನ… ಹಾಂ. ಇನ್ನು ಒಳಗೆ ಹೋಗಿ ಮಾಡೋದೇನಿದೆ? ಬೀಗ ಹಾಕಾಯ್ತು, ಬೀಗದಕೈ ಶಾಲಾ ಮಂಡಳಿಯವರಿಗೆ ಕೊಟ್ಟಾಯ್ತು. ಹಾಲೋವೇ ಶಾಲೆಗೆ ಹದಿನೆಂಟು ವರ್ಷ ಪ್ರಿನ್ಸಿಪಾಲ್ ಆಗಿದ್ರಿ, ಅಷ್ಟೂ ಒಂದು ಡಬ್ಬದಲ್ಲಿ ಹಿಡೀತು ನೋಡಿ. ಮನೆಗೆ ಆಮೇಲೆ ಹೋದರಾಯ್ತು. ಬಿಸಿಲು ಇನ್ನೂ ಇದೆ. ಮಿಷಿಗನ್ನಲ್ಲಿ ಹುಟ್ಟಿದೋರು ಜೂನ್ ಬಿಸಿಲನ್ನ ಬಿಟ್ಟು ಎದ್ದು ಹೋಗಬಾರದು.

ಏನಂದ್ರಿ? ಇದೆಲ್ಲ ಹೇಗಾಯ್ತು ಅಂತಲಾ? ನನ್ನ ಕೇಳ್ತೀರಲ್ಲ ಮೇಡಂ. ಲೂಷಿಯಸ್ ಟಿಬ್ಸ್ ಯಾರು? ಹಳದಿ ಜಾಕೆಟ್ ಹಾಕ್ಕೊಂಡು, ‘ನಿಲ್ಲಿ’ ಅನ್ನೋ ಕೆಂಪು ಫಲಕ ಹಿಡ್ಕೊಂಡು ಮಕ್ಕಳನ್ನ ರಸ್ತೆ ದಾಟಿಸೋನು. ಅಷ್ಟೇ. ಆದರೆ ಒಂದು ಮಾತು ನಿಜ. ಮಂಡಳಿಯವರು ಕಾಗದದಲ್ಲಿ ನೋಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಹತ್ತೊಂಬತ್ತು ವರ್ಷ ಇದೇ ಮೂಲೆ, ಇದೇ ಬಿಳಿ ಪಟ್ಟೆ. ಮೊದಲು ಬೆಳಿಗ್ಗೆ ಹೊತ್ತು ಎಲ್ಲ ಮಕ್ಕಳೂ ಆ ಕಡೆಯಿಂದ ಈ ಕಡೆಗೆ. ಈಗ ಹೆಚ್ಚಿನೋರು ಈ ಕಡೆಯಿಂದ ಆ ಕಡೆ ಶಾಲೆಗೆ. ರಸ್ತೆ ಅದೇ, ಮಕ್ಕಳೂ ಅವರೇ, ನಾನೂ ನಾನೇ. ಮುಖ ಮಾತ್ರ ತಿರುಗಿಹೋಯ್ತು.

ಯಾಕೆ ನಗ್ತೀರಿ? ನಿಜ ಹೇಳ್ತಿದೀನಿ. ಮಧ್ಯದಲ್ಲಿ ಒಂದು ವರ್ಷ ಇತ್ತಲ್ಲ, ಎರಡೂ ಕಡೆ ಸರಿಸಮ ಇದ್ದ ವರ್ಷ, ಅದು ನನ್ನ ಪ್ರಾಣ ತಿಂದುಬಿಡ್ತು. ನಾನು ಫಲಕ ಎತ್ತಿದ ತಕ್ಷಣ ಆ ಕಡೆಯಿಂದ ನೂರು, ಈ ಕಡೆಯಿಂದ ನೂರು, ನಡುರಸ್ತೇಲಿ ಡಿಕ್ಕಿ. ಊಟದ ಡಬ್ಬ ಅದಲುಬದಲು. ಆ ಪೆಟಿಗ್ರೂ ಮನೆ ಅವಳಿ ಹುಡುಗರು ನೆನಪಿದ್ದಾರಾ? ಒಬ್ಬನಿಗೆ ಎದುರಿನ ಹೊಸ ಶಾಲೆ ಲಾಟರಿಯಲ್ಲಿ ಸೀಟು ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಒಂದು ಮಂಗಳವಾರ ಇಬ್ಬರೂ ಇಲ್ಲೇ ಷರ್ಟು ಬದಲಾಯಿಸ್ಕೊಂಡು ಒಬ್ಬರ ಶಾಲೆಗೆ ಇನ್ನೊಬ್ಬರು ಹೋದರು. ಒಂದು ವಾರ ಯಾರಿಗೂ ಗೊತ್ತಾಗಲಿಲ್ಲ. ಅವರಮ್ಮನಿಗೂ ಗೊತ್ತಾಗಲಿಲ್ಲ. ಕೊನೆಗೆ ಒಬ್ಬ ಇಲ್ಲಿ ಪರೀಕ್ಷೇಲಿ ಪಾಸಾಗಿದ್ದಕ್ಕೆ ನಿಮಗೇ ಅನುಮಾನ ಬಂತು.

ನಗಿ, ನಗಿ. ಚಳಿಗಾಲ ಪೂರ್ತಿ ನೀವು ನಕ್ಕಿದ್ದು ನಾನು ನೋಡಿಲ್ಲ.

ಹನ್ನೆರಡು ವರ್ಷ ಆಯ್ತಲ್ಲ ಮೇಡಂ, ಎದುರಿನ ಆ ಸೂಪರ್‌ಮಾರ್ಕೆಟ್ ಮುಚ್ಚಿ, ಅದಕ್ಕೆ ನೀಲಿ ಬಣ್ಣ ಬಳಿದು, ಗಿಲ್ಫಾಯ್ಲ್ ಅಕಾಡೆಮಿ ಅಂತ ಬೋರ್ಡು ಹಾಕಿ. ಚಾರ್ಟರ್ ಶಾಲೆ ಅಂದ್ರು. ಫೀಸಿಲ್ಲವಂತೆ, ಸರ್ಕಾರದ ಅನುದಾನವೇ ಅಂತೆ, ಆದರೆ ನಡೆಸೋದು ಬೇರೆಯವರಂತೆ, ನಮ್ಮ ಮಂಡಳಿ ಮಾತು ಕೇಳಬೇಕಾಗಿಲ್ಲವಂತೆ. ನನಗೆ ತಲೆಬುಡ ಅರ್ಥ ಆಗಲಿಲ್ಲ. ನೀವೇ ಇಲ್ಲಿ ನಿಂತು ಬಿಡಿಸಿ ಹೇಳಿದ್ರಿ. ಮಗು ಯಾವ ಬಾಗಿಲು ಹೊಕ್ಕರೆ ಅನುದಾನ ನಾಯಿಮರಿ ಥರ ಅದರ ಹಿಂದೇನೇ ಹೋಗುತ್ತೆ, ಲೂಷಿಯಸ್, ಅಂದ್ರಿ. ಆಮೇಲೆ, ಅಲ್ಲಿ ಅರವತ್ತು ಮಕ್ಕಳೂ ಇಲ್ಲ, ನಮ್ಮಲ್ಲಿ ನಾನೂರ ಹತ್ತು, ಹೆದರಬೇಡ ಅಂದ್ರಿ. ನಾನು ಹೆದರಿರಲಿಲ್ಲ. ಮೊದಲ ವರ್ಷ ಅವರು ಐಸ್‌ಕ್ರೀಂ ಪೆಟ್ಟಿಗೆಗಳನ್ನ ತೆಗೆದೇ ಇರಲಿಲ್ಲ, ಲೈಬ್ರರಿ ಪುಸ್ತಕ ಅದರೊಳಗೇ ಜೋಡಿಸಿದ್ರು. ಮಾಂಸ ಕತ್ತರಿಸ್ತಿದ್ದ ಜಾಗದಲ್ಲಿ ಒಂದನೇ ಕ್ಲಾಸು. ಅಂಥ ಶಾಲೆಗೆ ಯಾರು ಹೋಗ್ತಾರೆ ಅಂದ್ಕೊಂಡೆ.

ಹೋದರು. ಒಬ್ಬೊಬ್ಬರೇ ಹೋದರು. ತಪ್ಪು ತಿಳ್ಕೋಬೇಡಿ, ಸುಮ್ಮಸುಮ್ಮನೆ ಯಾರೂ ಹೋಗಲಿಲ್ಲ. ನಮ್ಮ ಹೀಟರ್ ಜನವರಿಯಲ್ಲಿ ನಿದ್ದೆ, ಮೇ ತಿಂಗಳಲ್ಲಿ ಎಚ್ಚರ. ಮೂರನೇ ಕ್ಲಾಸಿಗೂ ನಾಲ್ಕನೇ ಕ್ಲಾಸಿಗೂ ಒಬ್ಬರೇ ಟೀಚರ್, ಮಧ್ಯೆ ಒಂದು ಪರದೆ. ನೀವು ಮಂಡಳಿಗೆ ಬರೆದೂ ಬರೆದೂ ಬೆರಳು ಸವೆಸಿದ್ರಿ, ನನಗೆ ಗೊತ್ತು. ಅಲ್ಲಿ ಓದೋಕೆ ಬಾರದ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದಿಸೋಕೆ ಅಂತಲೇ ಒಬ್ಬಾಕೆ ಇದ್ದಳು. ಹಾಗಂತ ಅಲ್ಲಿ ಎಲ್ಲ ಬಂಗಾರ ಅಂತಲ್ಲ. ಒಂದೇ ವರ್ಷದಲ್ಲಿ ಮೂರು ಗಣಿತದ ಟೀಚರ್ ಬಂದು ಹೋದರು. ಎಲ್ಲರ ಮನೆ ಪ್ಯಾನ್‌ಕೇಕೂ ತೂತೇ.

ಪ್ಯಾನ್‌ಕೇಕ್ ಅಂದ ತಕ್ಷಣ ಮುಖ ಸಿಂಡರಿಸಿದ್ರಿ. ಬಿಡಿ, ಆ ಯುದ್ಧದಲ್ಲಿ ನೀವು ಸೋತಿದ್ದು ಅಡುಗೆ ಬಾರದ್ದಕ್ಕಲ್ಲ. ನೀವು ಶುಕ್ರವಾರ ಮಕ್ಕಳಿಗೂ ಅಪ್ಪಅಮ್ಮಂದಿರಿಗೂ ಪ್ಯಾನ್‌ಕೇಕ್ ಮಾಡಿಸಿದ್ರಿ, ಅವರು ಗುರುವಾರವೇ ದೋಸೆ ಕಾವಲಿಯಷ್ಟು ಅಗಲದ ವಾಫಲ್ ಕೊಟ್ಟರು. ನೀವು ಮೇಕೆ ತರಿಸಿದ್ರಿ, ಮಕ್ಕಳು ಮುಟ್ಟಿ ಆಡ್ಲಿ ಅಂತ. ಅವರು ಲಾಮಾ ತರಿಸಿದ್ರು, ಗೂನಿಲ್ಲದ ಒಂಟೆ ಥರದ್ದು. ಆ ಲಾಮಾ ಮಂಡಳಿ ಅಧ್ಯಕ್ಷರ ಕೋಟಿನ ಮೇಲೆ ಉಗೀತು. ಅವರಿಗೆ ಅಲ್ಲಿ ಏನು ಕೆಲಸ ಇತ್ತೋ, ನಾವು ಕೇಳಲಿಲ್ಲ.

ಆಮೇಲೆ ಬಂತಲ್ಲ, ಗೂಬೆ.

ನೀವು ಆ ಗೂಬೆ ಹೆಸರು ಎತ್ತಿದ್ರೆ ಹಲ್ಲು ಕಡೀತೀರಿ, ಈಗಲೂ ಕಡೀತಿದೀರಿ. ಗಿಲ್ಫಾಯ್ಲ್‌ನವರ ಲಾಂಛನ ಗೂಬೆ, ಜಾಣತನದ ಗುರುತಂತೆ. ಒಬ್ಬ ಮನುಷ್ಯನ್ನ ಹಿಡಿದು ಅವನಿಗೆ ಬೂದು ಬಣ್ಣದ ತುಪ್ಪಟ ತೊಡಿಸಿ, ಡ್ರಮ್ಮಿನಷ್ಟು ದೊಡ್ಡ ತಲೆ ಇಟ್ಟು, ಪ್ರತಿ ಶನಿವಾರ ಬೀದಿಗೆ ಬಿಟ್ಟರು. ಬಟ್ಟೆ ಒಗೆಯೋ ಅಂಗಡಿ ಮುಂದೆ, ಚರ್ಚ್ ಮೆಟ್ಟಿಲ ಹತ್ತಿರ, ಆ ಹಾಟ್‌ಡಾಗ್ ಅಂಗಡಿ ಮುಂದೆ. ಬಾಯಿ ಬಿಡಂಗಿಲ್ಲ, ಅದು ನಿಯಮ. ಕುಣೀಬೇಕು, ಕೈ ಬೀಸಬೇಕು, ತಬ್ಬಿಕೊಳ್ಳಬೇಕು. ಅವನ ಹಿಂದೆ ಆ ಶಾಲೆಯ ಮಿಸ್ ಓಗಲ್‌ಟ್ರೀ ಸೇರೋ ಅರ್ಜಿ ಹಿಡ್ಕೊಂಡು ನಿಂತಿರೋರು. ಮಗು ಗೂಬೆಯನ್ನ ತಬ್ಬಿದ ತಕ್ಷಣ ತಾಯಿ ಕೈಗೆ ಪೆನ್ನು.

ಮೋಸ, ಹೌದು. ಮೋಸ ಅಂತಲೇ ಇಟ್ಕೊಳ್ಳಿ. ಆದರೆ ಒಳಗಿದ್ದೋನದು ಏನು ತಪ್ಪು ಮೇಡಂ? ಸೆಪ್ಟೆಂಬರ್ ಬಿಸಿಲಲ್ಲಿ ಆ ತಲೆಯೊಳಗೆ ಹಳೇ ಕಾರ್ಪೆಟ್ ನೆನೆಸಿಟ್ಟ ವಾಸನೆ. ಕೊಕ್ಕಿನ ಸಂದಿಯಲ್ಲಿ ಮಾತ್ರ ಹೊರಗೆ ಕಾಣೋದು, ಅದೂ ಮೊಣಕಾಲಿನ ಮಟ್ಟ. ಮುಖ ಕಾಣಬೇಕಾದ್ರೆ ಮಕ್ಕಳೇ ಹತ್ತಿರ ಬರಬೇಕು. ದೊಡ್ಡೋರು ಬರೀ ಮಂಡಿ.

ಏನು ಹಾಗೆ ನೋಡ್ತೀರಿ? ಊಹೆ. ಯಾರೇ ಆದರೂ ಊಹೆ ಮಾಡಬಹುದಲ್ಲ. ತಲೆ ಅಷ್ಟು ದೊಡ್ಡದಿದ್ದರೆ ತೂತು ಎಲ್ಲಿಡ್ತಾರೆ? ಕೊಕ್ಕಲ್ಲೇ.

ನಮ್ಮ ಅಳಿಲು ಮಾತ್ರ ಏನು ಕಮ್ಮಿ ಇತ್ತಾ? ಗೂಬೆಗೆ ಎದುರಾಗಿ ನೀವು ಹಳೇ ನಾಟಕದ ಪೆಟ್ಟಿಗೆ ತೆಗೆಸಿ ಅಳಿಲಿನ ವೇಷ ಹುಡುಕಿದ್ರಿ. ಪಿ.ಟಿ. ಮಾಸ್ಟರ್ ವೋಜ್ನಿಯಾಕ್ ಅದನ್ನ ಹಾಕ್ಕೊಂಡಾಗ ಬಾಲ ಅರ್ಧ ಕಿತ್ತು ಬಂದಿತ್ತು, ಸುತ್ತಿದ ಹಾಸಿಗೆ ಥರ ಹಿಂದೆ ಎಳ್ಕೊಂಡು ಬಂದರು. ಆ ಶನಿವಾರ, ಮಕ್ಕಳ ಎಣಿಕೆ ದಿನಕ್ಕೆ ಹನ್ನೊಂದು ದಿನ ಮುಂಚೆ, ಎರಡೂ ಶಾಲೆಯವರು ಬಾಗಿಲು ತೆರೆದು ಊರವರನ್ನ ಕರೆದಿದ್ರಲ್ಲ. ಇಲ್ಲೇ, ಈ ಬಿಳಿ ಪಟ್ಟೆ ಮೇಲೇ ಅಳಿಲೂ ಗೂಬೆಯೂ ಎದುರುಬದುರು. ಗೂಬೆ ಅಳಿಲನ್ನ ತಿನ್ನುತ್ತೆ ಅಂತ ನಾಲ್ಕನೇ ಕ್ಲಾಸಿನವನೊಬ್ಬ ಜೋರಾಗಿ ಹೇಳಿಬಿಟ್ಟ. ಚಿಕ್ಕ ಮಕ್ಕಳು ಅಳೋಕೆ ಶುರು ಮಾಡಿದ್ರು. ವೋಜ್ನಿಯಾಕ್ ಮಾಸ್ಟರ್‌ಗೆ ರೋಷ ಬಂತು. ಅಳಿಲು ಗೂಬೆಯ ಎದೆಗೆ ಕೈ ಇಟ್ಟು ತಳ್ತು. ಗೂಬೆ ತಳ್ಳಲಿಲ್ಲ, ಸುಮ್ಮನೆ ನಿಂತ್ಕೊಳ್ತು. ಆಗ ಮಾಸ್ಟರ್ ಹತ್ತಿರ ಬಂದು ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಅಂದರು, “ನೀನು ಯಾರಾದ್ರೂ ಆಗಿರು ಮಾರಾಯ, ಈ ವರ್ಷ ಒಂದು ಬಿಟ್ಟುಬಿಡು. ನಮ್ಮ ಮೇಡಂ ಹೃದಯ ಒಡೆದುಹೋಗುತ್ತೆ.”

…ನಿಮಗೆ ಮಾಸ್ಟರ್ ಹೇಳಿಲ್ವಾ ಇದನ್ನ? ಹೇಳಿರಲ್ಲ, ನಾಚಿಕೆಯ ಮನುಷ್ಯ. ನಾನಾ? ನಾನು ಅಲ್ಲೇ, ಬಟ್ಟೆ ಒಗೆಯೋ ಅಂಗಡಿ ಮುಂದೆ ನಿಂತಿದ್ದೆ. ಗಾಳಿ ಆ ಕಡೆಗಿತ್ತು, ಮಾತು ತೇಲಿ ಬಂತು. ಬರುತ್ತೆ ಮೇಡಂ, ಒಂದೊಂದು ಸಲ ಬರುತ್ತೆ.

ಎಣಿಕೆ ದಿನದ ಕಥೆ ಬೇಡ ಅಂತೀರಾ? ಹೇಳಿಬಿಡ್ತೀನಿ, ಹೇಳದಿದ್ದರೆ ಹೊಟ್ಟೇಲೇ ಉಳಿದುಹೋಗುತ್ತೆ. ಅಕ್ಟೋಬರ್ ಮೊದಲ ಬುಧವಾರ. ಆ ದಿನ ತರಗತಿಯಲ್ಲಿ ಎಷ್ಟು ತಲೆ ಇದೆಯೋ ಅಷ್ಟೇ ವರ್ಷಕ್ಕೆಲ್ಲ ಲೆಕ್ಕ. ಮಂಡಳಿ ಗೆರೆ ಎಳೆದಾಗಿತ್ತು, ನೂರ ಎಂಬತ್ತಕ್ಕಿಂತ ಒಂದು ತಲೆ ಕಮ್ಮಿ ಆದರೂ ಜೂನ್‌ಗೆ ಬೀಗ ಅಂತ. ನೀವು ಬೆಳಿಗ್ಗೆ ಆರಕ್ಕೇ ಬಂದಿದ್ರಿ. ನಾವಿಬ್ಬರೂ ನಿಮ್ಮ ಕಾರಲ್ಲಿ ಮನೆಮನೆಗೆ ಹೋದ್ವಿ. ಕಾಲು ಮುರಿದಿದ್ದ ಹುಡುಗನ್ನ ಚಕ್ರದ ಕುರ್ಚಿ ಸಮೇತ ತಂದ್ವಿ. ತಲೆ ತುಂಬ ಹೇನು ಅಂತ ಮನೇಲಿಟ್ಟಿದ್ದ ಹುಡುಗಿಯನ್ನ ಪ್ಲಾಸ್ಟಿಕ್ ಟೋಪಿ ಹಾಕಿ ತಂದ್ವಿ. ನೀವು ಮೂರು ಸಲ ಎಣಿಸಿದ್ರಿ. ನೂರ ಎಪ್ಪತ್ತೇಳು. ಮಾಸ್ಟರ್ ಒಂದು ಸಲ ಎಣಿಸಿ ನೂರ ಎಪ್ಪತ್ತೆಂಟು ಅಂತ ಕೂಗಿದ್ರು, ನಾವೆಲ್ಲ ಓಡಿಹೋದ್ವಿ. ಅವರು ಹಿಂದಿನ ಬೆಂಚಿನ ಮೇಲಿಟ್ಟಿದ್ದ ಅಳಿಲಿನ ತಲೆಯನ್ನೂ ಸೇರಿಸಿ ಎಣಿಸಿದ್ರು.

ಮೂರು. ಮೂರೇ ಮೂರು ಮಕ್ಕಳು ಮೇಡಂ. ಅದೇ ಮೂರು ಹಿಂದಿನ ಶುಕ್ರವಾರದ ತನಕ ಇದ್ದರು. ಡಾಕೆರಿ ಮನೆ ಮಕ್ಕಳು. ಐದನೇ ಕ್ಲಾಸಿನ ಟೆರೆಲ್, ಮೂರನೇ ಕ್ಲಾಸಿನ ಮಾರ್ವ, ಒಂದನೇ ಕ್ಲಾಸಿನ ಜೂನಿ.

ಇಲ್ಲ, ಲವೋನಾ ಡಾಕೆರಿಯನ್ನ ಬೈಬೇಡಿ. ಆಕೆಗೆ ನಿಮ್ಮ ಮೇಲೆ ಗೌರವ. ಆಕೆ ತಾನೂ ಇಲ್ಲೇ ಓದಿದೋಳು, ನಮ್ಮ ಹೀಟರ್ ಕೆಟ್ಟಾಗ ಮನೆಯಿಂದ ಕಂಬಳಿ ತಂದುಕೊಟ್ಟೋಳು. ಆಕೆಗೆ ಆ ಶಾಲೆ ಬೇಕಾಗಿರಲಿಲ್ಲ. ಬೇಕಾಗಿದ್ದು ಜೂನಿಗೆ.

ಜೂನಿ ಗೊತ್ತಲ್ಲ, ಕಣ್ಣು ಮಾತ್ರ ಇರೋ ಮಗು. ಎರಡು ವರ್ಷ ಬೆಳಿಗ್ಗೆ ಸಂಜೆ ನಾನು ದಾಟಿಸಿದ್ದೆ, ಒಂದು ದಿನಾನೂ ನನ್ನ ಕೈ ಹಿಡಿದಿರಲಿಲ್ಲ. ಅಕ್ಕನ ಚೀಲದ ಪಟ್ಟಿ ಹಿಡ್ಕೊಂಡು ಹೋಗ್ತಿದ್ದಳು. ಶಾಲೇಲಿ ಬಾಯಿ ಬಿಟ್ಟಿಲ್ಲ, ಟೀಚರ್ ಹತ್ತಿರ ಇಲ್ಲ, ನೀವು ಕರೆಸಿದ ಆ ಡಾಕ್ಟರಮ್ಮನ ಹತ್ತಿರ ಇಲ್ಲ. ಮನೇಲೂ ಅಮ್ಮನ ಕಿವಿಯಲ್ಲಿ ಮಾತ್ರ, ಅದೂ ಯಾವಾಗಲೋ ಒಂದು ಸಲ. ನಾನು ಎಷ್ಟು ಸಲ ನಮಸ್ಕಾರ ಹೇಳಿದೀನಿ. ಆ ಮಗುವಿಗೆ ನಾನು ಒಂದು ಹಳದಿ ಕಂಬ.

ಅವತ್ತು ಅಳಿಲು-ಗೂಬೆ ಜಗಳ ಮುಗಿದ ಮೇಲೆ ಲವೋನಾ ಮಕ್ಕಳನ್ನ ಕರ್ಕೊಂಡು ಮನೆ ಕಡೆ ಹೊರಟಿದ್ದಳು. ಜೂನಿ ಅಮ್ಮನ ಕೈ ಬಿಡಿಸ್ಕೊಂಡು ನೇರ ಗೂಬೆ ಹತ್ತಿರ ಹೋದಳು. ಹೊಟ್ಟೆ ತಬ್ಬಿಕೊಂಡಳು. ಎಷ್ಟು ಹೊತ್ತಾದರೂ ಬಿಡಲಿಲ್ಲ. ಮಿಸ್ ಓಗಲ್‌ಟ್ರೀ ಕೂಡ ಪೆನ್ನು ಎತ್ತಲಿಲ್ಲ. ಗೂಬೆ ಮಂಡಿಯೂರಿ ಕೂತ್ಕೊಳ್ತು. ಮಗು ಆ ಕೊಕ್ಕಿನ ಸಂದಿಗೆ ಬಾಯಿ ಇಟ್ಟು, ಉಸಿರಿಗಿಂತ ಮೆಲ್ಲಗೆ ಕೇಳಿದಳು, “ನಿಂಗೂ ಮಾತಾಡೋಕೆ ಬರಲ್ವಾ?”

ಗೂಬೆ ಇಲ್ಲ ಅಂತ ತಲೆ ಆಡಿಸ್ತು.

“ನನ್ನ ಜೊತೆ ಸ್ಕೂಲಿಗೆ ಬರ್ತೀಯಾ?” ಅಂದಳು.

ಗೂಬೆ ಹೂಂ ಅಂತ ತಲೆ ಆಡಿಸ್ತು.

ಅಷ್ಟೇ. ಆಮೇಲೆ ಆ ಮಗು ಊಟ ಬಿಟ್ಟಿತು, ಆ ಕಡೆ ಶಾಲೆ ಅಂತ ಬೆರಳು ತೋರಿಸ್ಕೊಂಡು ಕೂತಿತು. ಐದು ದಿನ ತಾಯಿ ತಡೆದಳು. ಶುಕ್ರವಾರ ಬಂದು ಮೂವರ ಕಾಗದಕ್ಕೂ ಸಹಿ ಹಾಕಿದಳು, ಮೂವರನ್ನ ಬೇರೆಬೇರೆ ಕಡೆ ಬಿಡೋಕೆ ಅವಳಿಗೆ ಆಗಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ. ಸಹಿ ಹಾಕೋವಾಗ ಅತ್ತಳಂತೆ. ಬುಧವಾರ ಎಣಿಕೆ.

ಇದು ಮೇಡಂ, ನೀವು ಕೇಳಿದ್ದಕ್ಕೆ ಉತ್ತರ. ಯಾರ ಮೇಲೆ ಅಂತ ಗೂಬೆ ಕೂರಿಸ್ತೀರಿ? ಹೀಟರ್ ಮೇಲಾ, ಮಂಡಳಿ ಮೇಲಾ, ಲಾಮಾ ಮೇಲಾ? ಆ ಒಳಗಿದ್ದೋನ ಮೇಲಂತೂ ಕೂರಿಸೋಕಾಗಲ್ಲ. ಅವನು ಕೆಟ್ಟದ್ದು ಮಾಡೋಕೆ ಬಂದೋನಲ್ಲ. ಹೆಂಡತಿ ಸತ್ತು ಆರು ವರ್ಷ ಆದೋನಿಗೆ ಶನಿವಾರ ಅಂದರೆ ಏನು ಗೊತ್ತಾ? ಟಿ.ವಿ. ಹಾಕಿದರೆ ಸದ್ದು, ಆರಿಸಿದರೆ ಸದ್ದಿಲ್ಲ. ಓಗಲ್‌ಟ್ರೀ ಬಂದು, ಒಂದೆರಡು ಗಂಟೆ ಕುಣಿಯೋಕೆ ಆಗುತ್ತಾ, ಮಕ್ಕಳಿಗೆ ನಿಮ್ಮ ನಡಿಗೆ ಇಷ್ಟ ಅಂದರು. ಮಕ್ಕಳಿಗೆ ಅವನ ನಡಿಗೆ ಇಷ್ಟ ಅಂತ ಯಾರೂ ಅವನಿಗೆ ಹೇಳಿರಲಿಲ್ಲ…

ಮೇಡಂ?

ಯಾಕೆ ಪೂರ್ತಿ ಈ ಕಡೆ ತಿರುಗಿಬಿಟ್ರಿ.

ಯಾರು ಹೇಳಿದ್ದು ಅಂತಲಾ, ಜೂನಿ ಕೇಳಿದ್ದನ್ನ? ಜೂನಿಯೇ… ಅಲ್ಲ, ಜೂನಿ ಮಾತಾಡಲ್ಲ. ನಾನೇ ಈಗ ತಾನೇ ಹೇಳಿದೆ, ಮಾತಾಡಲ್ಲ ಅಂತ. ಲವೋನಾ ಹೇಳಿರಬೇಕು. ಲವೋನಾ ದೂರ ನಿಂತಿದ್ದಳು, ಹೌದು. ಗಾಳಿ… ಉಸಿರಿಗಿಂತ ಮೆಲ್ಲಗೆ ಅಂದೆ, ಅಲ್ವಾ.

ನೀವು ಏನೂ ಕೇಳಲಿಲ್ಲ. ಹೌದು. ನೀವು ಬಾಯೇ ಬಿಟ್ಟಿಲ್ಲ, ಇಷ್ಟು ಹೊತ್ತೂ ನಾನೊಬ್ಬನೇ ಕೇಳ್ಕೊಂಡು ನಾನೊಬ್ಬನೇ ಉತ್ತರ ಕೊಡ್ತಿದೀನಿ.

ಮೂರು ಶನಿವಾರ ಮೇಡಂ. ಮೂರೇ ಶನಿವಾರ. ನಾನು ಅಂದ್ಕೊಂಡಿದ್ದು ಏನಂದರೆ… ಏನೂ ಅಂದ್ಕೊಂಡಿರಲಿಲ್ಲ. ಹತ್ತೊಂಬತ್ತು ವರ್ಷ ಈ ಜಾಕೆಟ್ ಹಾಕ್ಕೊಂಡು ನಿಂತಿದೀನಿ, ಮಕ್ಕಳು ನನ್ನ ಫಲಕ ನೋಡ್ತಾರೆ, ಮುಖ ನೋಡಲ್ಲ. ಆ ತಲೆ ಇಟ್ಕೊಂಡ ದಿನ ನನ್ನನ್ನ ನಲವತ್ತು ಮಕ್ಕಳು ತಬ್ಬಿಕೊಂಡರು. ಮನೆಗೆ ಬಂದು ಎಣಿಸಿದೆ. ಮಾಸ್ಟರ್ ನನ್ನ ಕೊಕ್ಕಿಗೆ ಬಾಯಿ ಇಟ್ಟು ನಿಮ್ಮ ಹೃದಯದ ಮಾತು ಹೇಳಿದಾಗ, ಅಲ್ಲೇ ತಲೆ ತೆಗೆದುಬಿಡೋಣ ಅನ್ನಿಸ್ತು. ನಿಜವಾಗ್ಲೂ ಅನ್ನಿಸ್ತು. ಕೈ ಮೇಲಕ್ಕೆ ಹೋಗಿತ್ತು. ಅಷ್ಟರಲ್ಲಿ ಜೂನಿ ಬಂದು ತಬ್ಬಿಕೊಂಡಳು. ಹಾಗೆ ಕೇಳಿದರೆ ಬರಲ್ಲ ಅಂತ ತಲೆ ಆಡಿಸೋಕೆ ಯಾರ ಕೈಲಾಗುತ್ತೆ? ನಿಮ್ಮ ಕೈಲಾಗ್ತಿತ್ತಾ?

ಎಣಿಕೆ ಮುಗಿದ ಮೇಲೆ ಗೂಬೆಯನ್ನ ಕಪಾಟಿಗೆ ಹಾಕಿದ್ರು. ಇನ್ನು ಮುಂದಿನ ಸೆಪ್ಟೆಂಬರ್‌ಗೇ ಅಂತೆ. ಜೂನಿ ಮೊದಲ ದಿನ ಆ ಗೇಟಿನ ಹತ್ತಿರ ಹತ್ತು ನಿಮಿಷ ನಿಂತಳು. ಎರಡನೇ ದಿನಾನೂ ನಿಂತಳು. ಆಮೇಲೆ ಒಳಗೆ ಹೋದಳು. ಈ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ರಸ್ತೆ ಮಧ್ಯದಲ್ಲಿ ನನ್ನ ಬೆರಳು ಹಿಡಿದಳು. ಆ ಕಡೆ ಮುಟ್ಟೋ ತನಕ ಹಿಡಿದಿದ್ದಳು. ಗೊತ್ತಾಯ್ತೋ, ಸುಮ್ಮನೆ ಹಿಡಿದಳೋ, ನನಗೆ ಗೊತ್ತಿಲ್ಲ. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೇಡಂ, ಎದ್ದುಬಿಟ್ರಾ. ಡಬ್ಬ ನಾನು ಹಿಡ್ಕೊತೀನಿ, ಭಾರ ಇದೆ… ಬೇಡವಾ. ಸರಿ. ನಿಮ್ಮ ಕಾರು ಆ ಕಡೆ ಅಲ್ವಾ. ಇರಿ, ಇರಿ, ಆ ಲಾರಿ ಹೋಗಲಿ. ಶಾಲೆ ಮುಚ್ಚಿದೆ ಅಂತ ಅವರಿಗೇನು ಗೊತ್ತು, ಆದರೂ ಯಾರೂ ನಿಧಾನ ಮಾಡಲ್ಲ. ಒಬ್ಬರೇ ಇಳೀಬೇಡಿ, ಮೇಡಂ, ನಾನು ಫಲಕ ಎತ್ತುತೀನಿ. ನನ್ನ ಮುಖ ನೋಡೋದು ಬೇಡ, ಫಲಕ ನೋಡಿ ಸಾಕು… ಹಾಂ. ನಿಂತರು. ಈಗ ದಾಟಿ.